ಮುದುಕ ಗೋಲ್‌ಕೀಪರನ ಕರಾರು

ಗೆಳೆಯರೆಲ್ಲ ಸೇರಿ ಮೊಬೈಲಿನಲ್ಲಿ ಹಾಕಿ ಆಟದ ಫ್ಯಾಂಟಸಿ ಲೀಗ್ ಆಡುತ್ತೇವೆ. ನಿಜವಾದ ಆಟಗಾರರನ್ನು ಆರಿಸಿ ಸುಳ್ಳು ತಂಡ ಕಟ್ಟುವ ಆಟ. ಎಲ್ಲರ ಸಂಬಳ ಸೇರಿ ಮಿತಿ ದಾಟುವಂತಿಲ್ಲ. ಹಾಗಾಗಿ ಸೀಸನ್ ಮುಗಿದಾಗ ಯಾರ ಕರಾರು ಮುಂದುವರಿಸಬೇಕು, ಯಾರನ್ನು ಬಿಡಬೇಕು ಎಂಬುದೇ ತಲೆನೋವು.

ಅವತ್ತು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಯಂತ್ರ ರಿಪೇರಿ ಮುಗಿಸಿ, ಆಫೀಸಿನ ಜೀಪಿನಲ್ಲಿ ಬಳ್ಳಾರಿಗೆ ವಾಪಸಾಗುತ್ತಿದ್ದೆ. ಹಿಂದಿನ ಸೀಟಿನಿಂದ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ: "ಮುದುಕನ್ನ ಬಿಟ್ಟುಬಿಡೋಣಲೇ. ಕೈ ನಿಧಾನ ಆಗ್ಯಾವ. ಅವನ ಸಂಬಳದಾಗ ಇಬ್ಬರು ಹುಡುಗ್ರು ಬರ್ತಾರ."

ಜೀಪು ಒಮ್ಮೆಲೇ ಜೋರಾಯಿತು. ಎದುರು ಬಂದ ಭತ್ತದ ಲಾರಿ ನನ್ನ ಕಿಟಕಿಯನ್ನು ಸವರಿಕೊಂಡೇ ಹೋಯಿತು. ಅರವತ್ತು ದಾಟಿದ ಡ್ರೈವರ್ ಖಾಜಾಸಾಬರು ರಸ್ತೆ ನೋಡುವುದು ಬಿಟ್ಟು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಸಾಬ್ರ, ಸಾವಕಾಶ ಹೋಗ್ರಿ!"

"ಕೈ ನಿಧಾನ ಆಗ್ಯಾವ ಅಂದ್ರಲ್ಲ ಸರ್, ಅದಕ್ಕ ತೋರ್ಸಾಕತ್ತೀನಿ."

"ಅಯ್ಯೋ, ನಿಮಗಲ್ರೀ! ಹಾಕಿ ಗೋಲ್‌ಕೀಪರ್‌ಗ ಅಂದಿದ್ದು! ಆಟ ಅದು!"

ಜೀಪು ನಿಧಾನವಾಯಿತು. ಅವರು ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದರು. "ಈ ತಿಂಗಳಿಗೆ ನನ್ನ ಕರಾರು ಮುಗೀತೈತಿ ಸರ್. ಭಾಳ ಹೆದರಿದ್ನಿ."

"ನಂದೂ ಮುಗೀತೈತ್ರಿ" ಎಂದೆ.

ಬಳ್ಳಾರಿಯ ಗಾಂಧಿನಗರ ಮುಟ್ಟುವಷ್ಟರಲ್ಲಿ ಮುದುಕ ಗೋಲ್‌ಕೀಪರನನ್ನು ಉಳಿಸಿಕೊಂಡಿದ್ದೆ. ನಮ್ಮ ಮೂವರಲ್ಲಿ ಕೆಲಸ ಗಟ್ಟಿಯಾದದ್ದು ಅವನೊಬ್ಬನದೇ. ಪಾಪ, ಅವನಿಗದು ಗೊತ್ತೂ ಇಲ್ಲ.