ಸಡಿಲ ಬಿಡಲಾರದ ಕೈ

ಬೊಂಬಾಯಿಯಲ್ಲಿ ನನಗೆ ಮೊದಲು ಹೇಳಿಕೊಟ್ಟ ವಿದ್ಯೆ ಹೆಣದಂತೆ ಮಲಗುವುದು. ಭಾನುವಾರ ಮಧ್ಯಾಹ್ನ, ಚಾಪೆಯ ಮೇಲೆ ಅಂಗಾತ, ಕಾಲು ಅಗಲಿಸಿ, ಅಂಗೈ ಮೇಲೆ ಮಾಡಿ. ತಲೆಯ ಹತ್ತಿರ ಕುಳಿತ, ಆಸನ ಕಲಿಸುವ ಜೋಶಿ ಮಾಸ್ತರರು ನನ್ನ ಅಂಗಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದರು. ಕಾಲ್ಬೆರಳು, ಸೈಲ್ ಸೋಡ್. ಮೀನಖಂಡ, ಸೈಲ್ ಸೋಡ್. ಮರಾಠಿಯಲ್ಲಿ ಹಾಗೆಂದರೆ ಸಡಿಲ ಬಿಡು ಎಂದು. ನಾನು ಬಿಡುವ ಬದಲು ಎರಡು ಕಾಲಿನ ಹೆಬ್ಬೆರಳುಗಳನ್ನೂ ಒಂದಕ್ಕೊಂದು ತಂದು ಒತ್ತಿ ಹಿಡಿದಿದ್ದೆ. ನಮ್ಮ ಕಡೆ ಹಾಗೆ ನೆಟ್ಟಗೆ ಮಲಗಿಸುವುದು ಸತ್ತವರನ್ನು. ಮಲಗಿಸಿ ಹೆಬ್ಬೆರಳೆರಡನ್ನೂ ದಾರದಿಂದ ಕಟ್ಟುತ್ತಾರೆ.

"ಏನೋ ತಮ್ಮಾ, ಬೆರಳಿಗೆ ಗಂಟ್ ಹಾಕೀ ಏನ?" ಎಂದರು ಮಾಸ್ತರರು. ಅವರು ಧಾರವಾಡದಲ್ಲಿ ಬಹಳ ವರ್ಷ ಡ್ರಿಲ್ ಕಲಿಸಿದವರು, ಕನ್ನಡ ಬಲ್ಲರು. ನಾನು ದಾರದ ಮಾತು ಹೇಳಿದೆ. "ಜೀವ ಇದ್ದಾಗ ಹಿಂಗ ಮಲಗೂದು ಕಲಿ. ಆಮ್ಯಾಲೆ ಯಾರೂ ಕಲಸಂಗಿಲ್ಲ," ಎಂದು ಮತ್ತೆ ಕಾಲ್ಬೆರಳಿನಿಂದ ಶುರುಮಾಡಿದರು.

ನಾನು ಆಗ ಟ್ರೇಸರ್. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ, ಶಾಯಿಯಲ್ಲಿ ಅದೇ ಗೆರೆಗಳನ್ನು ಎಳೆಯುವುದು ನನ್ನ ಕೆಲಸ. ಮೂರು ತಿಂಗಳಿನಿಂದ ನಿದ್ದೆಯಿರಲಿಲ್ಲ. ಎದೆ ಸುಮ್ಮನೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು, ಗೆರೆ ನಡುಗುತ್ತಿತ್ತು. ಕಚೇರಿಯ ಮುಖ್ಯಸ್ಥರು ಹಾಳಾದ ಮೂರು ಬಟ್ಟೆಗಳನ್ನು ಮೇಜಿನ ಮೇಲೆ ಹರಡಿ, ಹದಿನೈದು ದಿನ ರಜಾ ಕೊಡುತ್ತೇನೆ, ನಿದ್ದೆ ಮಾಡಿ ಬಾ, ಆಗಲೂ ನಡುಗಿದರೆ ಬರಬೇಡ ಎಂದಿದ್ದರು.

ಊರಲ್ಲಿ ನಿದ್ದೆಯನ್ನು ಯಾರೂ ಕಲಿಯುತ್ತಿರಲಿಲ್ಲ. ಮುದ್ದೆ ಉಂಡು ಜಗಲಿಗೆ ಬೆನ್ನು ಕೊಟ್ಟರೆ ಮುಗಿಯಿತು. ಇಲ್ಲಿ ನಾಲ್ವರು ಒಂದು ಕೋಣೆಯಲ್ಲಿ, ಚಾಳಿನಲ್ಲಿ. ಚಾಳು ಎಂದರೆ ಒಂದೇ ಉದ್ದ ಪಡಸಾಲೆಗೆ ಸಾಲಾಗಿ ಬಾಗಿಲುಗಳಿರುವ ಮೂರಂತಸ್ತಿನ ಕಟ್ಟಡ. ಊರಿಗೆ ಊರೇ ಒಂದರ ಮೇಲೊಂದು ಪೇರಿಸಿಟ್ಟಂತೆ. ರಾಗಿಯ ಬದಲು ಭಾಕರಿ, ಅಂದರೆ ಜೋಳದ ರೊಟ್ಟಿ. ಮುದ್ದೆಯಂತೆ ನುಂಗಲು ಹೋಗಿ ಮೊದಲ ವಾರ ಗಂಟಲಲ್ಲಿ ಸಿಕ್ಕಿಕೊಂಡಿತು, ಅಗಿಯಬೇಕೆಂದು ಆಮೇಲೆ ತಿಳಿಯಿತು. ಕೊಳಾಯಿಯ ಸರದಿಯಲ್ಲಿ ನನ್ನ ಕೊಡವನ್ನು ಹಿಂದಕ್ಕೆ ಸರಿಸಿದ ಹೆಂಗಸಿಗೆ ಮರಾಠಿಯಲ್ಲಿ ಉತ್ತರ ಕೊಟ್ಟ ದಿನ ಗೆದ್ದೆನೆಂದುಕೊಂಡೆ. ಅವಳು ನಕ್ಕು ಜಾಗ ಬಿಟ್ಟಳು. ನಾನು ಹೇಳಿದ್ದು ಬೇರೆ ಏನೋ ಇರಬೇಕು.

ಮಾಸ್ತರರ ಪಾಠದಲ್ಲಿ ನೆತ್ತಿಯವರೆಗೆ ಸಡಿಲ ಬಿಟ್ಟ ಮೇಲೆ ಒಂದು ಕೊನೆಯ ಮೆಟ್ಟಿಲಿದೆ. "ಈಗ ನಿನಗ ಸಮಾಧಾನ ಕೊಡೂ ಜಾಗಾ ನೆನಸು. ನಿಧಾನಕ್ಕ ಅದರೊಳಗ ಹೋಗು." ಬೇರೆ ಶಿಷ್ಯರು ಇಲ್ಲಿಯೇ ಗೊರಕೆ ಹೊಡೆಯುತ್ತಿದ್ದರು. ನಾನು ಇಲ್ಲಿಯೇ ಎದ್ದು ಕೂರುತ್ತಿದ್ದೆ.

ಬೊಂಬಾಯಿಗೆ ಬರುವ ಮೊದಲು ಇದೇ ಕೆಲಸವನ್ನು ಕನ್ನಂಬಾಡಿ ಕಟ್ಟೆಯ ಕಡೆ ಮಾಡುತ್ತಿದ್ದೆ. ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ತೋರಿಸುವ ಗೆರೆಯನ್ನು ಎಳೆದ ಕೈಗಳಲ್ಲಿ ನನ್ನದೂ ಒಂದು. ಆ ಗೆರೆ ನಮ್ಮ ಊರನ್ನು ಸೀಳಿಕೊಂಡು ಹೋಗಿತ್ತು. ನಮ್ಮ ಮನೆ ಅದರ ಮಗ್ಗುಲಲ್ಲೇ, ಒಂದು ಪುಟ್ಟ ಚೌಕ. ಮುಳುಗುತ್ತದೆಯೇ ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ಆ ಮಾತು ನಂಬಿ ಅಣ್ಣ ಅಲ್ಲೇ ಉಳಿದು ಹೊಸ ಹೆಂಚು ಹೊದಿಸಿದ. ಮಿಕ್ಕವರು ಮೊದಲೇ ಬೂಕನಕೆರೆಯ ದಿಕ್ಕಿನ ಹೊಸ ಊರಿಗೆ ಹೋಗಿ ಒಳ್ಳೆಯ ಜಾಗ ಹಿಡಿದರು. ನೀರು ಅಂಗಳಕ್ಕೆ ಬಂದ ಮೇಲೆ ಹೊರಟ ನಮ್ಮವರಿಗೆ ಬಂಡೆಯ ಮೇಲಿನ ತುಣುಕು ಜಾಗ ಉಳಿದಿತ್ತು.

ನಾನು ನಂಬಿ ಹೇಳಿದೆನೋ, ಅವ್ವನ ಮುಖ ನೋಡಲಾರದೆ ಹೇಳಿದೆನೋ? ಒಂದು ದಿನ ನೆನೆದರೆ ಚೌಕ ಗೆರೆಯ ಆಚೆ, ನೆಲದ ಕಡೆಗಿರುತ್ತದೆ, ಇನ್ನೊಂದು ದಿನ ಈಚೆ, ನೀರಿನ ಕಡೆಗೆ. ಎರಡು ನೆನಪುಗಳಲ್ಲೂ ಶಾಯಿ ಒಂದೇ ರೀತಿ ಹಸಿಯಾಗಿದೆ. ಒಂದನ್ನು ಆರಿಸಿಕೊಂಡರೆ ಬರೆಯುವುದು ಸುಲಭ, ಓದುವುದೂ ಸುಲಭ. ನಾನು ಆರಿಸಿಲ್ಲ. ಮಾಸ್ತರರು ಜಾಗ ನೆನೆಸು ಎಂದಾಗ ನನಗೆ ಬಾಗಿಲು ಕಾಣುವುದಿಲ್ಲ, ಬಾವಿ ಕಾಣುವುದಿಲ್ಲ. ನಕ್ಷೆ ಕಾಣುತ್ತದೆ.

ರಜಾ ಹಾಕಿ ಆ ಹೊಸ ಊರಿಗೆ ಬಂದೆ. ಹತ್ತಿರದ ಫ್ರೆಂಚ್ ರಾಕ್ಸ್ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಬಂದಿದ್ದ ಅಣ್ಣ ನನ್ನ ಮುಖ ನೋಡಿದ.

"ಏನ್ಲಾ, ಬೊಂಬಾಯ್ ಸಾಯೇಬ್ರು ನಿದ್ದೆ ಉಡೀಕ್ಕಂಡು ಬಂದ್ಬುಟ್ರಾ? ಇಲ್ಲಿ ಸಿಕ್ಕಾಕಿಲ್ಲ. ಈ ಊರ್ಗೆ ಬಂದಾಗ್ನಿಂದ ಅವ್ವನ್ಗೇ ನಿದ್ದೆ ಇಲ್ಲ."

ಹಾಗೆ ಶಿಷ್ಯನಾಗಿದ್ದ ನಾನು ಮಾಸ್ತರನಾಗಬೇಕಾಯಿತು. ಮಧ್ಯಾಹ್ನ ಉಂಡ ಮೇಲೆ ಚಾಪೆ ಹಾಸಿ ಅವ್ವನಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಅಂಗಾತ ಮಲಗಾಕಿಲ್ಲ ಕಣ್ಲಾ ನಾನು. ಅಂಗೆ ಮಲಗ್ಸೋರು ಬತ್ತರೆ, ಆಗ ಮಲಿಕ್ಕತೀನಿ. ನೀನೇ ಮೊದ್ಲು ತೋರ್ಸು."

ನಾನು ಮಲಗಿದೆ. ಅವ್ವ ತಲೆಯ ಹತ್ತಿರ ಕುಳಿತು, ಕಲಿತಷ್ಟನ್ನು ಒಪ್ಪಿಸಿದಳು. "ಕಾಲ್ ಬುಡು ಮಗ. ಮಂಡಿ ಬುಡು. ಸೊಂಟ ಬುಡು." ಅಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ನಿಂಗಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಚೊಂಬು ಕೆಳಗಿಟ್ಟು, ಅಲ್ಲೇ ಕುಸಿದು, ರಾಗ ತೆಗೆದಳು: ಬೊಂಬಾಯಿಂದ ಇದ್ಕೇ ಬಂದ್ಯಾ ನನ್ನಪ್ಪ, ಎತ್ತವ್ವನ ಮುಂದೆ ಇಂಗೆ ಮಲಿಕ್ಕಂಡ್ಯಾ.

"ಉಸಾರಾಗವ್ನೆ ಕಣಮ್ಮಿ, ಬಾಯ್ ಮುಚ್ಚು," ಎಂದಳು ಅವ್ವ. "ನಿದ್ದೆ ಮಾಡದು ಕಲಿಸ್ತಾವ್ನೆ."

ನಾನು ಎದ್ದು ಕುಳಿತೆ. ನಿಂಗಮ್ಮನಿಗೆ ಅತ್ತದ್ದು ದಂಡವಾಯಿತೆಂದು ಸಿಟ್ಟು. "ನಿದ್ದೆ ಮಾಡದ್ನೂ ಕಲೀತಾವ್ರೆ ಇವ್ರು. ಮಜ್ಜಿಗೆ ಉಯ್ಯಿ, ನಾನೋಯ್ತೀನಿ."

ಅವಳು ಹೋದ ಮೇಲೆ ಅವ್ವ ಮಗ್ಗುಲಾಗಿ ಮಲಗಿದಳು, ಅಷ್ಟಕ್ಕೆ ಒಪ್ಪಿದ್ದಳು. ನಾನು ಕಾಲಿನಿಂದ ನೆತ್ತಿಯವರೆಗೆ ಕರೆದುಕೊಂಡು ಬಂದೆ. ಕೊನೆಯ ಮೆಟ್ಟಿಲನ್ನು ಬಿಟ್ಟುಬಿಡಲೇ ಎನ್ನಿಸಿತು. ಆದರೂ ಹೇಳಿದೆ. "ಈಗ ನಿಂಗೆ ಇತವಾಗಿರೋ ಜಾಗ ನೆನ್ಸ್ಕೊ ಅವ್ವ." ಅವಳು ಎಲ್ಲಿಗೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ಮುಳುಗಿದ ಮನೆಯ ಆ ಹೊಸ ಹೆಂಚಿನ ಕೆಳಗೆ ನಿಂತು, ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ಕೇಳಲಿ ಎಂದು ಕಾದೆ. ಅವಳ ಬಾಯಿ ತೆರೆಯಿತು, ಉಸಿರು ನಿಧಾನವಾಯಿತು. ನಿದ್ದೆ ಬಂದಿತ್ತು.

ಹೊತ್ತು ಇಳಿದ ಮೇಲೆ ಎದ್ದಳು. ಎಲ್ಲಿಗೆ ಹೋಗಿದ್ದೆ ಎಂದೆ.

"ನಿನ್ ಬೊಂಬಾಯ್ಗೆ."

"ನೀನು ಅದ್ನ ನೋಡೇ ಇಲ್ವಲ್ಲವ್ವ."

"ಅದ್ಕೇಯ. ನಂದು ಅನ್ನೋದು ಅಲ್ಲೇನದೆ, ಮುಳುಗಾಕೆ?"

ಗೆರೆಯ ಮಾತನ್ನು ಅವಳು ಎತ್ತಲಿಲ್ಲ. ಬೈದಿದ್ದರೆ ನಾನೂ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆನೇನೋ. ಉಳಿದ ದಿನಗಳಲ್ಲಿ ಅವಳು ದಿನವೂ ಬೊಂಬಾಯಿಗೆ ಹೋಗಿ ಬಂದಳು. ನಾನು ಆ ಬಂಡೆಯ ಮೇಲೆ ಮಗ್ಗುಲು ಬದಲಿಸಿದೆ.

ಬೊಂಬಾಯಿಗೆ ಮರಳಿದ ದಿನ ಮುಖ್ಯಸ್ಥರು ಒಂದು ಗೆರೆ ಎಳೆಯಲು ಹೇಳಿದರು. ಭುಜ ಬಿಟ್ಟೆ, ಮೊಣಕೈ ಬಿಟ್ಟೆ, ಮಣಿಕಟ್ಟು ಬಿಟ್ಟೆ. ಅರ್ಧಕ್ಕೆ ನಡುಗಿತು. ಅವರು ಲೇಖನಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಈಗ ಅಂಗಡಿಗಳ ಬೋರ್ಡು ಬರೆಯುತ್ತೇನೆ. ದಪ್ಪ ಅಕ್ಷರದಲ್ಲಿ ನಡುಕ ಕಾಣುವುದಿಲ್ಲ. "ನಿನಗ ಬರಲಿಲ್ಲ, ನಿಮ್ಮವ್ವಗ ಬಂತು," ಎಂದರು ಜೋಶಿ ಮಾಸ್ತರರು. ಸಮಾಧಾನಕ್ಕೆ ಹೇಳಿದ್ದು.

ಕಳೆದ ವಾರ ಅಣ್ಣನ ಕಾಗದ ಬಂತು. ಅವ್ವ ಕೇಳುತ್ತಿದ್ದಾಳಂತೆ: ಬೊಂಬಾಯಿ ಮನೆಯ ಬಾಗಿಲು ಯಾವ ದಿಕ್ಕಿಗೆ? ಅಡುಗೆಮನೆ ಎಡಕ್ಕೋ ಬಲಕ್ಕೋ? ಈಚೆಗೆ ಬಾಗಿಲ ತನಕ ಹೋಗಿ, ಒಳಗೆ ಹೇಗಿದೆಯೆಂದು ತಿಳಿಯದೆ, ಎಚ್ಚರವಾಗುತ್ತಿದೆಯಂತೆ. ಬೇಗ ಬರೆ ಎಂದಿದ್ದ.

ನನ್ನ ಕೋಣೆಗೆ ಒಂದು ಬಾಗಿಲು, ಮೂಲೆಯಲ್ಲೊಂದು ಒಲೆ, ನಾಲ್ಕು ಚಾಪೆ. ಅದನ್ನು ಬರೆಯಲಾಗಲಿಲ್ಲ. ಹಾಳೆ ಹರಡಿ, ಮುಳುಗಿದ ನಮ್ಮ ಮನೆಯ ನಕ್ಷೆ ಎಳೆದೆ. ಪೂರ್ವಕ್ಕೆ ಬಾಗಿಲು, ಎರಡು ಕಡೆ ಜಗಲಿ, ನಡುವೆ ತೊಟ್ಟಿ, ಬಲಕ್ಕೆ ಅಡುಗೆಮನೆ, ಹಿಂದೆ ಎರಡು ಎತ್ತಿನ ಕೊಟ್ಟಿಗೆ. ಬೊಂಬಾಯಿಯಲ್ಲಿ. ಗೆರೆ ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಕೋಣೆಗಳಲ್ಲಿ ಅವ್ವ, ಅಣ್ಣ, ಅತ್ತಿಗೆ ಎಂದು ಹೆಸರು ಬರೆದೆ. ನನಗೆ ಕೋಣೆ ಉಳಿಯಲಿಲ್ಲ, ನನ್ನದನ್ನು ಬರೆಯಲು ಹೋದರೆ ಎಲ್ಲಿಯಾದರೂ ಒಂದು ಗೋಡೆ ಒಡೆಯಬೇಕಾಗುತ್ತಿತ್ತು. ಹಾಗೆಯೇ ಮಡಿಸಿ ಅಂಚೆಗೆ ಹಾಕಿದೆ.