ಕಾಕಾನಿಗೆ ತಿಳಿಯದ ನಗು

ಆಗಿನ ನಮ್ಮ ಬನಹಟ್ಟಿ ಶಾಲೆಯಲ್ಲಿ ಇಂಗ್ಲಿಷ್ ತಾಸು ಬಂತೆಂದರೆ ಅರ್ಧ ಕ್ಲಾಸಿಗೆ ಹೊಟ್ಟೆನೋವು. ನಾವು ಏಳನೆಯ ತರಗತಿಗೆ ಬಂದ ವರ್ಷ ಟೀಚರು ಪುಸ್ತಕ ಮುಚ್ಚಿಟ್ಟು, ತಾವೇ ಬರೆದ ನಗೆನಾಟಕವೊಂದನ್ನು ಕೈಗೆ ಕೊಟ್ಟರು. ನಾನು ಬಸ್ ಕಂಡಕ್ಟರ್. ಗೆಳತಿ ಶಿವಲೀಲಾ ಚಿಮ್ಮಡಕ್ಕೆ ಹೊರಟ ಮುದುಕಿ.

‘ವೇರ್ ಆರ್ ಯು ಗೋಯಿಂಗ್, ಅಜ್ಜಿ?’

‘ಐ ಆಮ್ ನಾಟ್ ಗೋಯಿಂಗ್. ದ ಬಸ್ ಈಸ್ ಗೋಯಿಂಗ್. ಐ ಆಮ್ ಸಿಟಿಂಗ್!’

ಗಂಜಿ ಹಚ್ಚಿದ ನೂಲು ನಾರುವ ಅವಳ ಮನೆಯಲ್ಲಿ ಚುರುಮುರಿ ಮುಕ್ಕುತ್ತ, ಮಗ್ಗದ ಸದ್ದಿಗಿಂತ ಜೋರಾಗಿ ಕೂಗಿ ಕೂಗಿ ಕಲಿತೆವು. ಬಿದ್ದು ಬಿದ್ದು ನಗುವುದರಲ್ಲಿ ವ್ಯಾಕರಣ ಯಾವಾಗ ತಲೆಗೆ ಹೋಯಿತೋ ಗೊತ್ತೇ ಆಗಲಿಲ್ಲ.

ಶಿವಲೀಲಾಗೆ ಮಾತ್ರ ಅದು ಬರೀ ಆಟವಾಗಿರಲಿಲ್ಲ. ಅವಳ ಅಪ್ಪ, ನಾನು ಕಾಕಾ ಎನ್ನುತ್ತಿದ್ದವರು, ‘ಏಳನೇತ್ತ ಮುಗೀತಂದ್ರ ಸಾಲಿ ಸಾಕು, ಮನ್ಯಾಗ ಮಗ್ಗ ನೋಡ್ಕೊಂಡಿರ್ಲಿ’ ಎಂದುಬಿಟ್ಟಿದ್ದರು. ಟೀಚರು ಮನೆಗೇ ಹೋಗಿ ಕೈಮುಗಿದರು. ‘ಒಮ್ಮೆ ಬಂದು ಆಕಿ ಇಂಗ್ಲಿಷ್ ಮಾತಾಡೂದು ಕೇಳ್ರಿ. ಆಮ್ಯಾಲ ನಿಮ್ಮಿಚ್ಛಾ.’

ನಾಟಕದ ದಿನ ಕಾಕಾ ಶಾಲೆಯ ಅಂಗಳಕ್ಕೆ ಬಂದರು. ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆಯೇ ಕುಳಿತರು. ಶಿವಲೀಲಾ ಕೋಲೂರಿ ಬಂದು ಬಾಯಿ ತೆರೆದಳು. ಅಂಗಳವೆಲ್ಲ ಹೋ ಎಂದು ನಕ್ಕಿತು. ಮತ್ತೊಂದು ಮಾತಿಗೆ ಇನ್ನೂ ದೊಡ್ಡ ನಗು. ನಾನು ಹಿಗ್ಗಿ ಕಾಕಾನ ಮುಖ ನೋಡಿದೆ, ಅದು ಗಂಟಿಕ್ಕಿತ್ತು. ಅವರಿಗೆ ಇಂಗ್ಲಿಷಿನ ಒಂದಕ್ಷರ ತಿಳಿಯದು. ತಿಳಿದದ್ದು ಇಷ್ಟೇ: ಮಗಳು ಬಾಯಿ ಬಿಟ್ಟಾಗಲೆಲ್ಲ ಮಂದಿ ನಗುತ್ತಿದ್ದಾರೆ. ಎದ್ದು ಬಂದವರೇ ಅವಳ ರಟ್ಟೆ ಹಿಡಿದರು.

‘ನಡಿ ಮನಿಗೆ! ಮಂದಿ ಮುಂದ ನಗಿಗೇಡ ಆಗಾಕ ಇಂಗ್ಲಿಷ್ ಕಲತೀಯೇನು?’

ಅವಳನ್ನು ಗೇಟಿನತ್ತ ಎಳೆದುಕೊಂಡು ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಕಂಡಕ್ಟರ್ ಚೀಲ ಕೊರಳಲ್ಲಿದ್ದಂತೆಯೇ ಓಡಿ ಗೇಟಿಗೆ ಅಡ್ಡ ನಿಂತೆ.

‘ಕಾಕಾ, ಮಂದಿ ಆಕೀನ್ನ ನೋಡಿ ನಗಾಕತ್ತಿಲ್ಲರೀ, ಆಕೀನ ನಗಸಾಕತ್ತಾಳ! ಏನಂದ್ಲು ಗೊತ್ತೇನ್ರಿ? ನಾ ಎಲ್ಲೂ ಹೊಂಟಿಲ್ಲೋ ತಮ್ಮಾ, ಬಸ್ ಹೊಂಟೈತಿ, ನಾ ಸುಮ್ಮ ಕುಂತೀನಿ ಅಂದ್ಲ್ರೀ!’

ಕಾಕಾ ನಗಲಿಲ್ಲ. ಮಗಳ ಕಡೆ ತಿರುಗಿದರು. ‘ಖರೇನ?’

ಅವಳು ತಲೆಯಾಡಿಸಿದಳು. ರಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು.

‘ಹಂಗಾರ ಮತ್ತೊಮ್ಮೆ ಅನ್ನು.’

ಅವಳು ಇಂಗ್ಲಿಷಿನಲ್ಲಿ ಮತ್ತೆ ಅಂದಳು. ಕಾಕಾನ ಮೀಸೆ ಅಲುಗಿತು. ಆಮೇಲೆ ಅವಳ ರಟ್ಟೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಜೂನಿನಲ್ಲಿ ಇಬ್ಬರೂ ಜಮಖಂಡಿಯ ಹೈಸ್ಕೂಲು ಸೇರಿದೆವು. ದಿನಾ ಸಂಜೆ ಕಾಕಾ ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದರು, ‘ಇವತ್ತೇನ್ ಕಲತ್ರಿ? ನನಗೂ ಹೇಳ್ರಿ.’

ಈಗಿನ ಮಕ್ಕಳು ಮೊಬೈಲಿನ ಕಾಮಿಡಿ ನೋಡಿಯೇ ನಮಗಿಂತ ಚೆಂದ ಇಂಗ್ಲಿಷ್ ಮಾತಾಡುತ್ತವೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಒಂದೊಂದೇ ಕುಳಿತು ನಗುತ್ತವೆ. ಕಾಕಾ ತೀರಿಕೊಂಡು ವರ್ಷಗಳಾದವು. ಶಿವಲೀಲಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಅಂದಳು:

‘ಕ್ಲಾಸ್ ತುಂಬ ಹುಡುಗ್ರು ನಗತಾರ ಬೇ. ಮನೀಗೆ ಬಂದ್ರ, ಏನಂದಿ ಅಂತ ಕೇಳಾಕ ಅಪ್ಪ ಇಲ್ಲ ನೋಡು.’