ಚನಬಸಪ್ಪನ ಕಾಣದ ಮೀನು

ಸಿಂಗಸಂದ್ರದಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಹದಿನಾರು ಬಾಡಿಗೆ ಮನೆಗಳಿವೆ. ಬಾಡಿಗೆಗೆ ಬರುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ಮೊದಲ ಮಹಡಿಯ ಚನಬಸಪ್ಪನ ಮೇಲೆ ಎರಡು ವರ್ಷ ಯಾವ ಅನುಮಾನವೂ ಬಂದಿರಲಿಲ್ಲ. ಹುನಗುಂದದ ಕಡೆಯವನು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ಕೆಲಸ. ಬೀಡಿಯಿಲ್ಲ, ಕುಡಿತವಿಲ್ಲ, ಬೆಳಿಗ್ಗೆದ್ದರೆ ಹಣೆ ತುಂಬ ವಿಭೂತಿ. ಅವನಿಗಿದ್ದ ಹುಚ್ಚು ಒಂದೇ, ಮೀನು ಸಾಕುವುದು.

ಅದೂ ಎಂಥ ಮೀನು. ಈಲ್ ಕ್ಯಾಟ್‌ಫಿಶ್ ಅಂತೆ, ಆಫ್ರಿಕಾದ ಕೆಸರಿನದಂತೆ, ಹಾವಿನ ಹಾಗೆ ಉದ್ದ, ಬಾಯಿಗೆ ಮೀಸೆ. ಹಗಲೆಲ್ಲ ಮರಳಿನೊಳಗೇ ಹುದುಗಿರುತ್ತದಂತೆ. ಎಲ್ಲ ಅವನ ಬಾಯಿಂದ ಕೇಳಿದ್ದೇ. ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಗೆ ಮೂಗು ಒತ್ತಿ ನೋಡಿದರೂ ನನಗೆ ಕಂಡದ್ದು ಬರೀ ಮರಳು.

ಅದರ ಊಟ ಒಣ ಸಿಗಡಿ. ಹೆಂಡತಿ ಶಾಂಭವಿ ಮೊಟ್ಟೆಯನ್ನೂ ಹೊಸ್ತಿಲು ದಾಟಲು ಬಿಡದವಳು. ಹಾಗಾಗಿ ಸಿಗಡಿ ಡಬ್ಬಿ ಕೆಳಗೆ ನಮ್ಮ ವರಾಂಡದಲ್ಲಿರುತ್ತಿತ್ತು. ಸಂಜೆ ಶಿಫ್ಟ್ ಮುಗಿಸಿ ಬಂದವನು ಹಿಡಿ ತುಂಬ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಭಾನುವಾರ ಆನೇಕಲ್ಲಿನಿಂದ ತಂದು ತುಂಬಿದ ಡಬ್ಬಿ ಶನಿವಾರಕ್ಕೆ ಖಾಲಿ.

ಒಂದು ಭಾನುವಾರ ಮಧ್ಯಾಹ್ನ ಶಾಂಭವಿ ಅಳುತ್ತ ಇಳಿದು ಬಂದಳು.

"ಅವರ ಬಾಯಾಗ ಸಿಗಡಿ ವಾಸನಿ ಬರ್ತೈತ್ರಿ ಅಮ್ಮಾರ. ತೊಟ್ಟಿಯೊಳಗ ಮೀನಾ ಇಲ್ಲ. ಮೀನಿನ ಹೆಸರ್ಲೆ ತಾವಾ ತಿನ್ನಾಕತ್ತಾರ. ಅಂಥವರ ಜೋಡಿ ನಾ ಇರಂಗಿಲ್ರಿ, ಇವತ್ತ ಊರಿಗೆ ಹೋಗ್ತೀನಿ."

ನನಗೂ ಪಿತ್ತ ನೆತ್ತಿಗೇರಿತು. ನಾವು ಮಾಂಸ ತಿನ್ನುವ ಮನೆಯವರೇ, ತಿಂದರೆ ನನ್ನದೇನೂ ಅಭ್ಯಂತರವಿಲ್ಲ. ನನ್ನ ವರಾಂಡದಲ್ಲೇ ಡಬ್ಬಿ ಇಟ್ಟು ನನ್ನ ಕಣ್ಣಿಗೇ ಮಣ್ಣೆರಚಿದನಲ್ಲ. ಮೇಲೆ ಹೋಗಿ, "ತೊಟ್ಟಿ ಖಾಲಿ ಮಾಡಪ್ಪ, ನಿನ್ ಮೀನು ನೋಡೇಬಿಡಾನ" ಎಂದೆ.

"ಕೆದಕಿದ್ರ ಅಂಜಿ ಸಾಯ್ತೈತ್ರಿ ಅಮ್ಮಾರ," ಎಂದು ಬೇಡಿಕೊಂಡ. ತೊಟ್ಟಿಗೆ ಅಡ್ಡ ಬಂದು ನಿಂತ. ಅದನ್ನು ಕಂಡು ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ನಾನೇ ಸೆರಗು ಸಿಕ್ಕಿಸಿ, ನೀರನ್ನು ಬಕೆಟ್ಟಿಗೆ ಮೊಗೆದು, ಮರಳಿಗೆ ಕೈ ಹಾಕಿದೆ. ಏನೋ ಬೆರಳಿಂದ ನುಣುಚಿಕೊಂಡಿತು. ಗೇಣುದ್ದದ, ಕಿರುಬೆರಳಿನಷ್ಟೇ ದಪ್ಪದ ಕಂದು ಮೀನು, ಮೀಸೆ ಸಮೇತ. ಹಿಡಿದು ಬಕೆಟ್ಟಿಗೆ ಬಿಟ್ಟೆ.

ಶಾಂಭವಿ ಗಂಡನ ಕೈ ಹಿಡಿದು ಬಿಕ್ಕಿದಳು. "ತಪ್ಪಾತ್ರಿ. ನಿಮ್ಮನ್ನ ನಂಬಲಿಲ್ಲ ನಾ."

ಅವನು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ಇಷ್ಟು ಮೀನಿಗೆ ವಾರಕ್ಕೊಂದು ಡಬ್ಬಿಯೇ? ದಿನಕ್ಕೆ ಮೂರು ಚೂರು ತಿಂದರೆ ಅದರ ಹೊಟ್ಟೆ ತುಂಬುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತಿತ್ತೆಂದು ಅವನ ಮುಖವೇ ಹೇಳುತ್ತಿತ್ತು.

ಶಾಂಭವಿ ಬಕೆಟ್ಟಿನ ಮೇಲೆ ಬಗ್ಗಿ ಕೇಳಿದಳು: "ಇಷ್ಟ ಸಣ್ಣದು ಅಷ್ಟೆಲ್ಲಾ ತಿಂತೈತೇನ್ರಿ ಅಮ್ಮಾರ?" ಊರಿಗೆಂದು ತುಂಬಿಟ್ಟ ಅವಳ ಬ್ಯಾಗು ಬಾಗಿಲ ಬಳಿಯೇ ಇತ್ತು.

"ತಿಂತದೆ ಕಣಮ್ಮ," ಎಂದೆ. "ಚಿಕ್ಕೋಳಿದ್ದಾಗ ನಮ್ ಕೆರೇಲಿ ನೋಡಿದೀನಿ. ಮೀಸೆ ಮೀನು ಬಲೇ ಹೊಟ್ಟೆಬಾಕ."

"ನೀವು ಹೇಳಿದ ಮ್ಯಾಲ ಮುಗೀತ್ರಿ. ನೀವು ಸುಳ್ಳ ಹೇಳೋರಲ್ಲ," ಎಂದು ಅವಳು ಬ್ಯಾಗನ್ನು ಒಳಗೆ ಒಯ್ದಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.